ಆಡು ಮುಟ್ಟದ ಸೊಪ್ಪು

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆ. ಹೋದ ಮಾರ್ಚ್‌ನ ಒಂದು ಮುಂಜಾನೆ, ಹುಬ್ಬಳ್ಳಿಯ ನಮ್ಮ ಲೇಔಟಿನ ಗೇಟಿನ ಮುಂದೆ ಆ ಗಾದೆ ಸತ್ತುಹೋಯಿತು. ಪಕ್ಕದ ಓಣಿಯ ಆಡೊಂದು ಎಂದಿನಂತೆ ಬಂದು, ಮೊದಲು ಕಾಂಪೌಂಡಿಗೆ ಅಂಟಿಸಿದ್ದ ಯಾರದೋ ಹುಟ್ಟುಹಬ್ಬದ ಪೋಸ್ಟರ್ ಹರಿದು ತಿಂದಿತು. ಆಮೇಲೆ ಹೊಸದಾಗಿ ಸಾಲುಹಿಡಿದು ನೆಟ್ಟಿದ್ದ ಗಿಡಕ್ಕೆ ಮೂಗು ತಾಗಿಸಿತು. ಒಂದು ಎಲೆ ಕಡಿಯಿತು. ಉಗುಳಿತು. ನನ್ನ ಮುಖ ನೋಡಿತು. ವಾಪಸು ಪೋಸ್ಟರಿಗೇ ಹೋಯಿತು.

ಗಿಡದ ಹೆಸರು ಬಾಕ್ಸ್‌ವುಡ್. ಎಲೆ ಕಹಿ, ಹೊಟ್ಟೆಗೆ ಹೋದರೆ ದನಕರುಗಳಿಗೆ ವಿಷ. ಇದು ತನ್ನದಲ್ಲ ಅಂತ ಆಡಿಗೆ ಅರ್ಧ ನಿಮಿಷದಲ್ಲಿ ಗೊತ್ತಾಯಿತು. ನಮ್ಮ ಅಸೋಸಿಯೇಶನ್ನಿನವರಿಗೆ ಇನ್ನೂ ಗೊತ್ತಾಗಬೇಕಿದೆ.

ಅಧ್ಯಕ್ಷರು ನಿವೃತ್ತ ಎಂಜಿನಿಯರ್. ಮಗ ಅಮೆರಿಕದ ವರ್ಜಿನಿಯಾದಲ್ಲಿದ್ದಾನೆ. ಸೊಸೆಯ ಬಾಣಂತನಕ್ಕೆಂದು ದಂಪತಿ ಆರು ತಿಂಗಳು ಅಲ್ಲಿದ್ದು ಬಂದರು. ಹೆಂಡತಿ ಮೊಮ್ಮಗಳ ಫೋಟೊ ತಂದರು, ಇವರು ಬೇಲಿಯ ಫೋಟೊ ತಂದರು. ಸೊಂಟದೆತ್ತರದ, ಇಸ್ತ್ರಿ ತಿಕ್ಕಿದಂಥ ಹಸಿರು ಗೋಡೆಗಳು. ಜಾರ್ಜ್ ವಾಷಿಂಗ್ಟನ್ನರ ಮೌಂಟ್ ವರ್ನನ್ ತೋಟದಲ್ಲೂ ಇದೇ ಗಿಡವಂತೆ, ಫ್ರಾನ್ಸಿನ ವರ್ಸೈ ಅರಮನೆಯ ಮುಂದೆ ರಂಗೋಲಿ ಹಾಕಿದಂತೆ ಕತ್ತರಿಸಿ ನಿಲ್ಲಿಸಿದ್ದೂ ಇದೇ ಗಿಡವಂತೆ. “ನಮ್ಮಲ್ಲಿ ನೋಡ್ರಿ, ಬರೇ ಕಂಟಿ!” ಎಂದು ಅವರು ಮೊಬೈಲ್ ಜೇಬಿಗಿಳಿಸಿದರು.

ಆ ಬರೇ ಕಂಟಿ ಎಂದರೆ ನಮ್ಮ ಗೇಟಿನ ಎರಡೂ ಬದಿಗಿದ್ದ ಡುರಾಂಟಾ ಬೇಲಿ. ಯಾರೂ ನೀರು ಹಾಕುತ್ತಿರಲಿಲ್ಲ, ಯಾರೂ ಹೊಗಳುತ್ತಿರಲಿಲ್ಲ, ಅದು ಬೆಳೆಯುತ್ತಿತ್ತು. ಸಭೆ ಸೇರಿತು. ನಮ್ಮ ಕಾರ್ಯದರ್ಶಿಗಳು ಟೈಪ್ ಮಾಡುವವರಲ್ಲ, ಮೊಬೈಲಿನ ಮುಂದೆ ಬಾಯಲ್ಲಿ ಹೇಳಿ ಬರೆಸುವವರು. ನಡಾವಳಿ ಹೀಗೆ ಬಂತು: “ಲೇಔಟಿನಲ್ಲಿ ಈಗಿರುವ ದುರಂತವನ್ನು ಬೇರುಸಹಿತ ಕಿತ್ತು, ಅದೇ ಜಾಗದಲ್ಲಿ ಬಾಕ್ಸ್‌ವುಡ್ ನೆಡಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.” ಯಾರೂ ತಿದ್ದಲಿಲ್ಲ. ನಾನೂ ಸಹಿ ಹಾಕಿದೆ. ಅವತ್ತು ಚಹಾದ ಜೊತೆ ಧಾರವಾಡ ಪೇಢೆ ಇತ್ತು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಅದಕ್ಕೂ ಹಿಂದಿನ ವರ್ಷ ಗೇಟಿನ ಬಳಿಯ ನಾಲ್ಕು ಬೇವಿನ ಮರಗಳನ್ನು ಕಡಿಸಿದ್ದೆವು. ಕಮಾನಿನ ಮೇಲಿನ ಗ್ರಾನೈಟ್ ಅಕ್ಷರ ರಸ್ತೆಗೆ ಕಾಣುತ್ತಿರಲಿಲ್ಲ ಎಂಬುದು ಕಾರಣ. ನೆರಳಿನ ವಿಷಯದಲ್ಲಿ ಈ ಅವಳಿನಗರಕ್ಕೆ ಮರೆವು ಜಾಸ್ತಿ. 2020ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ, ಬಸ್ಸಿಗೇ ಮೀಸಲಾದ ಬಿಆರ್‌ಟಿಎಸ್ ರಸ್ತೆಗೆ ಎಷ್ಟು ಮರ ಹೋದವು ಎಂದು ಕೇಳಿದರೆ, ಅಲ್ಲಿ ಓಡುವ ಚಿಗರಿ ಬಸ್ಸಿನ ಏಸಿಯಲ್ಲಿ ಕೂತವರು ಕಿಟಕಿಯತ್ತ ತಿರುಗುತ್ತಾರೆ.

ಗಿಡದ ತಪ್ಪೇನೂ ಇಲ್ಲ, ಪಾಪ. ಅದು ತಂಪು ನಾಡಿನದು, ಚಳಿಗಾಲದಲ್ಲಿ ಹಿಮ ಹೊದ್ದು ಮಲಗಿ ಎದ್ದು ಬಂದದ್ದು. ಬಿಸಿ ನಾಡಿನಲ್ಲಿ ಅದನ್ನು ಸಾಕಲು ಬರುವುದೇ ಇಲ್ಲವೆಂದಲ್ಲ. ಸೆಕೆ ತಡೆಯುವ ಜಪಾನಿ ಬಾಕ್ಸ್‌ವುಡ್ ಜಾತಿ ಆರಿಸಬೇಕು. ಮುಂಜಾನೆಯ ಎಳೆಬಿಸಿಲು ಕೊಟ್ಟು ಮಧ್ಯಾಹ್ನ ನೆರಳು ಮಾಡಬೇಕು. ಬೇರು ಮೇಲ್ಮಣ್ಣಿನಲ್ಲೇ ಹರಡುವುದರಿಂದ ಬುಡಕ್ಕೆ ಎರಡು ಮೂರು ಇಂಚು ಒಣ ರವದಿಯನ್ನೋ ಶೇಂಗಾ ಹೊಟ್ಟನ್ನೋ ಹಾಸಬೇಕು, ಆದರೆ ಅದು ಕಾಂಡಕ್ಕೆ ತಾಗಬಾರದು. ನೀರು ಬಸಿದು ಹೋಗಬೇಕು, ಬೇರು ಮಾತ್ರ ಒಣಗಬಾರದು. ಇಷ್ಟು ನಡೆಸಿಕೊಟ್ಟರೆ ಇರುತ್ತದೆ, ದೀಪಾವಳಿಗೆ ಬಂದ ಹೊಸ ಅಳಿಯನ ಹಾಗೆ.

ನಮ್ಮವರು ತಂದದ್ದು ಜಪಾನಿಯಲ್ಲ. ನರ್ಸರಿಯಲ್ಲಿ ಎರಡೂ ಹೆಸರು ಹೇಳಿದರಂತೆ. ಅಧ್ಯಕ್ಷರು ‘ಇಂಗ್ಲಿಷ್ ಬಾಕ್ಸ್‌ವುಡ್’ ಎಂಬಲ್ಲಿಗೇ ಬೆರಳಿಟ್ಟರು. ಇಂಗ್ಲಿಷ್ ಎಂಬ ಬೋರ್ಡು ಕಂಡರೆ ಸೀಟು ಮೊದಲು ತುಂಬುವ ಊರು ಇದು. ಅದು ವರ್ಷಕ್ಕೆ ಒಂದೆರಡು ಇಂಚು ಬೆಳೆದರೆ ಹೆಚ್ಚು. ಒಂದಡಿಯ ಸಸಿ ಮೂರಡಿ ಬೇಲಿಯಾಗಲು ಹನ್ನೆರಡು ವರ್ಷವಾದರೂ ಬೇಕು. ನಮ್ಮ ಅಸೋಸಿಯೇಶನ್ನಿನ ಅವಧಿ ಎರಡು ವರ್ಷ. ಅಂದರೆ ಆರು ಅಧ್ಯಕ್ಷರು, ಆರು ಸನ್ಮಾನ, ಒಂದು ಬೇಲಿ.

ವನಮಹೋತ್ಸವದ ವಾರ ಗುದ್ದಲಿಪೂಜೆಯಾಯಿತು. ಅದು ಅಪ್ಪಟ ಎರಿ ಭೂಮಿ, ಕಪ್ಪು ಮಣ್ಣು. ಹತ್ತಿ, ಜೋಳ, ಕಡಲೆಗಳನ್ನು ಸಾಕಿ ಬೆಳೆಸಿದ ಮಣ್ಣು. ಮಳೆ ಬಿದ್ದರೆ ಚಪ್ಪಲಿ ಕಿತ್ತಿಟ್ಟುಕೊಳ್ಳುತ್ತದೆ, ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರಿಯುತ್ತದೆ. ಮಾಲಿ ಕಾಕಾ ನವಲಗುಂದದ ಕಡೆಯವನು, ಈ ಮಣ್ಣಿನ ಗುಣ ಬಲ್ಲವನು. “ಸಾಹೇಬ್ರ, ಇಲ್ಲಿ ನೀರು ನಿಂದರತೈತ್ರಿ. ಒಂದು ಗಾಡಿ ಮಸಾರಿ ಮಣ್ಣು ತರಿಸಿ, ಏರಿ ಮಾಡಿ, ಬುಡ ಸ್ವಲ್ಪ ಮ್ಯಾಲ ಇಟ್ಟು ಹಚ್ಚೂಣ್ರಿ” ಎಂದ. ಅವನು ಹೇಳಿದ್ದು ಅಕ್ಷರಶಃ ಸರಿ. ಅಧ್ಯಕ್ಷರು ಅಷ್ಟರಲ್ಲಿ ಹಗ್ಗ ಎಳೆದು ಲೆವೆಲ್ ಹಿಡಿದಾಗಿತ್ತು. “ಏರಿ ಮಾಡಿದ್ರ ಲೆವೆಲ್ ಕೆಡತೈತೋ” ಎಂದರು. ಶ್ರಾವಣದ ಹೊತ್ತಿಗೆ ನೂರಿಪ್ಪತ್ತು ಸಸಿಗಳಲ್ಲಿ ನಲವತ್ತರ ಬೇರು ಕೊಳೆತು, ಹಗ್ಗದ ಲೆವೆಲಿನಲ್ಲೇ ಶಿಸ್ತಾಗಿ ಸತ್ತು ನಿಂತಿದ್ದವು. ಕೃಷಿ ವಿಶ್ವವಿದ್ಯಾಲಯ ಇರುವುದು ಪಕ್ಕದ ಧಾರವಾಡದಲ್ಲಿ. ಒಂದು ಮಾತು ಕೇಳಿ ಬರೋಣವೆಂದೆ. “ಅವರು ಜ್ವಾಳದ ಮಂದಿ” ಎಂದರು ಖಜಾಂಚಿ. ಹೊಸ ನಲವತ್ತು ಸಸಿ ಬಂದವು. ಒಂದೊಂದರ ಬೆಲೆಗೆ ಒಂದು ಕಿಲೊಗಿಂತ ಹೆಚ್ಚು ಪೇಢೆ ಬರುತ್ತಿತ್ತು. ಈ ಲೆಕ್ಕ ನನ್ನದು, ಆಡಿಟ್‌ನಲ್ಲಿ ಇಲ್ಲ.

ಮುಂದೆ ಏಪ್ರಿಲ್ ಬಂತು. 37, 38 ಡಿಗ್ರಿ ಬಿಸಿಲು, ಮೇಲೆ ಹುಬ್ಬಳ್ಳಿಯ ಧೂಳು. ಹಸಿರೆಲೆ ಮೊದಲು ತಾಮ್ರದ ಬಣ್ಣಕ್ಕೆ ತಿರುಗಿತು, ಆಮೇಲೆ ಚಹಾಪುಡಿಯ ಬಣ್ಣಕ್ಕೆ. ಆಗ ಅಧ್ಯಕ್ಷರಿಗೆ ಕತ್ತರಿಯ ನೆನಪಾಯಿತು. ಉರಿಬಿಸಿಲಿನಲ್ಲಿ ಬಾಕ್ಸ್‌ವುಡ್ಡಿಗೆ ಕತ್ತರಿ ಹಾಕಬಾರದು. ಮೇಲಿನ ಹೊದಿಕೆ ಹೋದರೆ ಒಳಗಿನ ಎಳೆಎಲೆ ಸುಡುತ್ತದೆ. ತಂಪು ದಿನಗಳಲ್ಲಿ ಅಲ್ಲೊಂದು ಇಲ್ಲೊಂದು ಕೊಂಬೆ ತೆಗೆದು ಒಳಗೆ ಗಾಳಿ ಬೆಳಕು ಹೋಗುವಂತೆ ಮಾಡುವುದು ಕ್ರಮ. ಇವರು ಒಂದೇ ಬೆಳಿಗ್ಗೆ ಎಲ್ಲಕ್ಕೂ ಮಿಲಿಟರಿ ಕಟಿಂಗ್ ಮಾಡಿಸಿದರು.

ಗೇಟಿನ ಎಡಕ್ಕೆ ಗಿಡದಲ್ಲೇ ಚಿಗರಿ, ಅಂದರೆ ಜಿಂಕೆ, ನಿಲ್ಲಿಸುವ ಯೋಜನೆಯೂ ಇತ್ತು. ಅದಕ್ಕೆ ತಂತಿಯ ಅಸ್ಥಿಪಂಜರ ಬಂತು, ಕೋಡು ಸಹಿತ, ಆಳೆತ್ತರ. ಗಿಡ ಆ ಆಕಾರವನ್ನು ತುಂಬಿಕೊಳ್ಳಬೇಕು. ಗಿಡ ಸದ್ಯ ಚಿಗರಿಯ ಗೊರಸಿನಲ್ಲಿದೆ. ವರ್ಷಕ್ಕೆ ಎರಡಿಂಚಿನ ಲೆಕ್ಕದಲ್ಲಿ ಅದು ಕೋಡು ಮುಟ್ಟುವುದನ್ನು ನೋಡಲು ಅಧ್ಯಕ್ಷರ ಮೊಮ್ಮಗಳು ಬರಬೇಕು.

ಬೆಕ್ಕಿನ ಪ್ರಕರಣ ಶುರುವಾದದ್ದು ಮೇ ತಿಂಗಳಲ್ಲಿ. ಬಿಸಿಲೇರಿದರೆ ಸಾಕು, ಗೇಟಿನ ಸುತ್ತ ಬೆಕ್ಕು ಉಚ್ಚೆ ಹೊಯ್ದ ವಾಸನೆ. ವಾಟ್ಸಾಪ್ ಗುಂಪು ಎದ್ದು ಕೂತಿತು. ಮೂರನೆಯ ಕ್ರಾಸಿನವರು ಐದನೆಯ ಕ್ರಾಸಿನವರ ಬೆಕ್ಕನ್ನು ದೂರಿದರು, ಐದನೆಯ ಕ್ರಾಸಿನವರು ತಮ್ಮದು ಹೊರಗೆ ಕಾಲಿಡದ ಸಂಸ್ಕಾರವಂತ ಬೆಕ್ಕು ಎಂದು ಫೋಟೊ ಹಾಕಿದರು. ಮೂವರ ಉಪಸಮಿತಿಯಾಯಿತು. ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ಗಸ್ತು. ಎಂಟು ದಿನ ಕಾದರೂ ಒಂದು ಬೆಕ್ಕೂ ಸಿಗಲಿಲ್ಲ, ಹಗಲಾದರೆ ವಾಸನೆ ಮಾತ್ರ ಹಾಗೇ. ಕಡೆಗೆ ನಾನೇ ಒಂದು ಎಲೆ ತಿಕ್ಕಿ ಉಪಸಮಿತಿಯ ಮೂಗಿಗೆ ಹಿಡಿದೆ. ಈ ಗಿಡದ ವಾಸನೆಯೇ ಅಂಥದ್ದು, ಯುರೋಪಿನವರೂ ಶತಮಾನಗಳಿಂದ ಗೊಣಗುತ್ತ ಬಂದಿದ್ದಾರೆ. ಉಪಸಮಿತಿ ಐದು ನಿಮಿಷ ಸುಮ್ಮನಿದ್ದು, ಬೆಕ್ಕುಗಳಿಗೆ ಎಚ್ಚರಿಕೆ ಕೊಟ್ಟು ಬಿಡುಗಡೆ ಮಾಡಿರುವುದಾಗಿ ವರದಿ ಬರೆಯಿತು.

ಇಷ್ಟೆಲ್ಲ ಹೇಳಿದ್ದಕ್ಕೆ ನನಗೆ ಸ್ವದೇಶಿ ಎಂಬ ಬಿರುದು ಬಂತು. ಹಾಗೇನಿಲ್ಲ. ಕಿತ್ತೆಸೆದ ಡುರಾಂಟಾ ಕೂಡ ಅಮೆರಿಕದ ಕಡೆಯದೇ. ಬ್ಯಾಡಗಿಯ ಮೆಣಸಿನಕಾಯಿಯ ಅಜ್ಜ ಮುತ್ತಜ್ಜ ಹಡಗಿನಲ್ಲಿ ಬಂದವರೇ. ಬಂದವರು ಇಲ್ಲಿನ ಬಿಸಿಲಿಗೆ ಹೊಂದಿಕೊಂಡರು, ನಮ್ಮವರಾದರು. ಅತ್ತ ಯುರೋಪಿನಲ್ಲೇ ಬಾಕ್ಸ್‌ವುಡ್ಡಿನ ಕಾಲ ಚೆನ್ನಾಗಿಲ್ಲ. ಪೂರ್ವ ಏಷ್ಯಾದ ಎಲೆ ತಿನ್ನುವ ಹುಳು 2007ರಲ್ಲಿ ಜರ್ಮನಿಯಲ್ಲಿ ಕಾಣಿಸಿಕೊಂಡು, ಮುಂದೆ ದೇಶದಿಂದ ದೇಶಕ್ಕೆ ಹಬ್ಬಿ, ಹಳೆಯ ಬೇಲಿಗಳನ್ನು ಕಡ್ಡಿ ಮಾಡಿತು. ಆಡು ಬಿಟ್ಟದ್ದನ್ನು ಹುಳು ಬಿಡಲಿಲ್ಲ. ಅಲ್ಲಿ ಜನ ಕಿತ್ತು ಬೇರೆ ಗಿಡ ಹಾಕುತ್ತಿರುವಾಗ ಇಲ್ಲಿ ನಾವು ತೆಂಗಿನಕಾಯಿ ಒಡೆದು ನೆಡುತ್ತಿದ್ದೇವೆ.

ನೀರಿನ ಕಥೆ ಬೇರೆ. ಬೇರೂರಿದ ಬಾಕ್ಸ್‌ವುಡ್ಡಿಗೆ ದಿನಾ ನೀರು ಚಿಮುಕಿಸಬೇಕಿಲ್ಲ, ವಾರಕ್ಕೊಮ್ಮೆ ಬೇರು ತೊಯ್ಯುವಂತೆ ಸಿಕ್ಕರೆ ಸಾಕು. ಈ ಒಂದು ಗುಣದಲ್ಲಿ ಅದು ಹುಟ್ಟಾ ಹುಬ್ಬಳ್ಳಿಯದು. ಮಲಪ್ರಭೆಯ ನೀರು ಸವದತ್ತಿಯಿಂದ ಪೈಪಿನಲ್ಲಿ ಬಂದು, ನಮ್ಮ ಓಣಿಯ ಸರದಿ ಬಂದ ದಿನ ಬಟ್ಟೆ ಒಗೆದು, ಬೀಗರನ್ನು ಕರೆಯುವವರು ನಾವು. ಆದರೆ ಗಿಡಕ್ಕೆ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಟ್ಯಾಂಕರ್. ಕೊಡ ಹಿಡಿದು ಪಕ್ಕದ ಓಣಿಯವರು ನಿಂತು ನೋಡುತ್ತಿದ್ದರು.

ಅಷ್ಟಾದರೂ ಎಲೆ ಉದುರುವುದು ನಿಲ್ಲಲಿಲ್ಲ. ವರ್ಜಿನಿಯಾದ ಮಗ ಫೋನಿನಲ್ಲಿ ಹೇಳಿದನಂತೆ: “ಅಪ್ಪಾಜಿ, ಅದಕ್ಕ ನೆರಳು ಬೇಕು.” ಮಾಲಿ ಕಾಕಾ ವರ್ಷದಿಂದ ಹೇಳುತ್ತಿದ್ದ ಮಾತು, ಹೊರದೇಶದಿಂದ ಬಂದ ಮೇಲೆ ಠರಾವಾಯಿತು. ನಾಲ್ಕು ಬೇವು ಇದ್ದ ಜಾಗದಲ್ಲಿ ಹದಿನಾರು ಕಬ್ಬಿಣದ ಕಂಬ ನಿಂತವು, ಮೇಲೆ ಹಸಿರು ಜಾಳಿಗೆ. ಕಮಾನಿನ ಗ್ರಾನೈಟ್ ಅಕ್ಷರ ಈಗ ಮತ್ತೆ ಕಾಣುವುದಿಲ್ಲ.

ಗೇಟಿನ ಹೊರಗೇ ಸಿಟಿ ಬಸ್ ಸ್ಟಾಪ್. ಸ್ಟಾಪ್ ಎಂದರೆ ಒಂದು ಕಂಬ. ಜಾಳಿಗೆ ಕಟ್ಟಿದ ಮರುದಿನವೇ ಜನ ಅದರ ಕೆಳಗೆ ಸರಿದರು. ಸಾಲಿ ಬಿಟ್ಟ ಹುಡುಗರು ಬಂದರು, ಕಬ್ಬಿನ ಹಾಲಿನ ಗಾಡಿ ಬಂತು, ಕಾಯಿಪಲ್ಲೆ ಮಾರುವ ಅಜ್ಜಿ ಬುಟ್ಟಿ ಸಮೇತ ಬಂದು ಮೂಲೆ ಹಿಡಿದಳು. ಆಡೂ ಬಂದು ಮಲಗಿತು, ಗಿಡಕ್ಕೆ ಬೆನ್ನು ತಿರುಗಿಸಿ. ಅಜ್ಜಿ ಕೊತಂಬರಿಗೆ ಚಿಮುಕಿಸಿದ ನೀರು, ಸುಲಿದೆಸೆದ ಉಳ್ಳಾಗಡ್ಡಿ ಸಿಪ್ಪೆ, ಬಾಡಿದ ಸೊಪ್ಪು ಎಲ್ಲ ಪಕ್ಕದ ಎರಡು ಗಿಡಗಳ ಬುಡಕ್ಕೆ ಹೋಗುತ್ತಿತ್ತು. ನೂರಿಪ್ಪತ್ತರಲ್ಲಿ ಹೊಸ ಚಿಗುರು ಒಡೆದದ್ದು ಆ ಎರಡೇ. ಅಧ್ಯಕ್ಷರು ಅವೆರಡರ ಫೋಟೊ ತೆಗೆದು ವರ್ಜಿನಿಯಾಕ್ಕೆ ಕಳಿಸಿದರು, ಅಜ್ಜಿಯನ್ನು ಕತ್ತರಿಸಿ.

ಮರುವಾರ ಕಂಬಕ್ಕೊಂದು ಬೋರ್ಡು ಬಂತು: ‘ಈ ನೆರಳು ಗಿಡಗಳಿಗೆ ಮಾತ್ರ. ಸಾರ್ವಜನಿಕರು ನಿಲ್ಲಬಾರದು.’ ನಾನು ಮೆಂತ್ಯೆ ಆರಿಸುತ್ತ ಕೂತಿದ್ದೆ.

“ಏನ್ ಬರದಾರಪಾ ಅದರಾಗ?” ಅಂದಳು ಅಜ್ಜಿ.

ಓದಿ ಹೇಳಿದೆ. ಅಜ್ಜಿ ಸಿವುಡು ಕಟ್ಟುವುದನ್ನು ನಿಲ್ಲಿಸಿ, ಪಕ್ಕದ ಮೊಳದುದ್ದದ ಗಿಡವನ್ನು ಮೇಲಿಂದ ಕೆಳಗೆ ನೋಡಿದಳು.

“ಹೌದನು? ಹಂಗಾರ ಅದಕ್ಕ ಸ್ವಲ್ಪ ಆ ಕಡೆ ಸರಿ ಅನ್ನು. ನನ್ನ ಬುಟ್ಟಿಗೆ ಬಿಸಿಲು ಬೀಳಾಕತ್ತೈತಿ.”