ನ್ಯೂಯಾರ್ಕಲ್ಲಿ ಕೊಲೆ ಇಳಿದಿದ್ದು ಯಾವಾಗಿಂದ?

"ಜೂಲಿಯಾನಿ ಮೇಯರ್ ಆದ್ಮೇಲೇ ನ್ಯೂಯಾರ್ಕಲ್ಲಿ ಕ್ರೈಮ್ ಇಳೀತು, ನಮ್ಗೂ ಅಂಥೋರೇ ಬೇಕು" ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ, ಇದು ತಪ್ಪು ಕಣ್ರೀ. 1990ರಲ್ಲಿ 2,245 ಕೊಲೆ, 1993ರಲ್ಲಿ 1,946, ಅಂದ್ರೆ ಹಿಂದಿನ ಮೇಯರ್ ಡಿಂಕಿನ್ಸ್ ಇದ್ದಾಗ್ಲೇ ಇಳೀತಿತ್ತು, ಪೊಲೀಸ್ರನ್ನ ಜಾಸ್ತಿ ತಗೊಳ್ಳೋ ಪ್ಲಾನೂ ಅವ್ರದ್ದೇ. ಜೂಲಿಯಾನಿ ಕೂತಿದ್ದು 1994 ಜನವರಿಲಿ. ಆಮೇಲೆ ಇನ್ನೂ ಜೋರಾಗಿ ಇಳೀತು, ಅದು ನಿಜ, ಆದ್ರೆ ಆಗ ಅಮೆರಿಕದ ಬೇರೆ ದೊಡ್ಡ ಸಿಟಿಗಳಲ್ಲೂ ಇಳೀತಿತ್ತಲ್ವಾ.

ವೋಟ್ ಹಾಕೋವಾಗ ಜನ ಅಂಕಿ ಎಲ್ಲಿ ನೋಡ್ತಾರೆ, ಸಿಗ್ನಲ್ಲಲ್ಲಿ ಕಾರ್ ನಿಂತ ತಕ್ಷಣ ಕೇಳದೇ ಗ್ಲಾಸ್ ಒರೆಸಿ ಕಾಸಿಗೆ ಕೈ ಚಾಚೋರು ಕಣ್ಣಿಗೆ ಕಾಣ್ತಿದ್ರು, ಆ ಕಿರಿಕಿರಿ ಸುಳ್ಳು ಅಂತ ನಾನೂ ಹೇಳಲ್ಲ. ಸ್ವಂತ ಮನೆ, ಕಾರು ಇರೋ ಊರಂಚಿನ ಸ್ಟಾಟನ್ ಐಲ್ಯಾಂಡ್‌ನೋರು 1993ರ ಮೇಯರ್ ಎಲೆಕ್ಷನ್ನಲ್ಲಿ ಡಿಂಕಿನ್ಸ್ ಎದುರು ಜೂಲಿಯಾನಿಗೆ ಭಾರೀ ಲೀಡ್ ಕೊಟ್ರು. ಆದ್ರೆ ಆ ಗ್ಲಾಸ್ ಒರೆಸೋರನ್ನ ಎಬ್ಬಿಸೋ ಕೆಲಸಾನೂ 1993ರಲ್ಲಿ, ಡಿಂಕಿನ್ಸ್ ಕಾಲದಲ್ಲೇ ಶುರುವಾಗಿತ್ತು.