ಕಂಪ್ಯೂಟರ್ ಅಂತ ಇದ್ದರೆ ಸಾಕು

ಇಂಜಿನಿಯರಿಂಗ್ ಸೀಟಿಗೆ ಕಾಲೇಜು, ಬ್ರಾಂಚ್ ಆರಿಸಿ ಹಾಕುವ ಸಿಇಟಿ ಆಪ್ಷನ್ ಎಂಟ್ರಿ ಶುರುವಾಗಿದೆ. ಚಿಕ್ಕಬಳ್ಳಾಪುರದ ಸೈಬರ್ ಸೆಂಟರುಗಳಲ್ಲಿ ಕಾಲಿಡೋಕೂ ಜಾಗ ಇಲ್ಲ. ಮಗ ಮೌಸ್ ಹಿಡಿದಿದ್ದಾನೆ, ಅಪ್ಪ ಹಿಂದೆ ನಿಂತು ಒಂದೊಂದೇ ಬ್ರಾಂಚ್ ಓದಿಸುತ್ತಿದ್ದಾರೆ. ಕಂಪ್ಯೂಟರ್ ಸೈನ್ಸ್ ಆಂಡ್ ಇಂಜಿನಿಯರಿಂಗ್. ಕಂಪ್ಯೂಟರ್ ಇಂಜಿನಿಯರಿಂಗ್. ಆಮೇಲೆ ಎಐ, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ. ದರ್ಶಿನಿಯ ದೋಸೆ ಬೋರ್ಡಿನ ಥರ, ಹೆಸರು ಹತ್ತು, ಹಿಟ್ಟು ಒಂದೇ.

"ಸೈನ್ಸಿಗೂ ಇಂಜಿನಿಯರಿಂಗಿಗೂ ಏನು ವ್ಯತ್ಯಾಸ ಸಾರ್?" ಅಂತಾರೆ ಅಪ್ಪ.

"ಎರಡಕ್ಕೂ ಪ್ಲೇಸ್‌ಮೆಂಟ್ ಐತೆ, ಎರಡೂ ಹಾಕಿಬಿಡಿ," ಅಂತಾನೆ ಸೆಂಟರಿನವನು.

ಎಂಥ ಜ್ಞಾನ! ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 1962ರಲ್ಲೇ ಕಂಪ್ಯೂಟರ್ ಸೈನ್ಸಿಗೆ ಬೇರೆ ವಿಭಾಗ ತೆರೆದು ಸುಮ್ನೆ ತಲೆ ಕೆಡಿಸಿಕೊಂಡರು. ಲೆಕ್ಕ ಬಿಡಿಸುವ ಹಂತಗಳಾದ ಅಲ್ಗಾರಿದಮ್, ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್, ಒಂದು ಲೆಕ್ಕವನ್ನು ಯಂತ್ರ ಬಿಡಿಸಬಲ್ಲದೋ ಇಲ್ಲವೋ ಅನ್ನೋ ಗಣಿತ, ಇದೆಲ್ಲ ಸೈನ್ಸಿನ ಕಡೆ. ಸರ್ಕ್ಯೂಟು, ಪ್ರೊಸೆಸರ್, ವಾಷಿಂಗ್ ಮೆಷಿನ್ ಒಳಗಿನ ಚಿಪ್ಪು ಇಂಜಿನಿಯರಿಂಗ್ ಕಡೆ, ಅದು ಅರ್ಧ ಎಲೆಕ್ಟ್ರಾನಿಕ್ಸೇ. ನಾವು ಜಾಣರು. ಎರಡನ್ನೂ ಒಂದೇ ಬೋರ್ಡಿನಲ್ಲಿ ಬರೆದು ತಂಟೆ ಮುಗಿಸಿದೆವು. 2024ರಲ್ಲಿ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ಒಳ್ಳೆ ಕಾಲೇಜುಗಳಿಗೆ ಸೀಟಿನ ಮಿತಿಯನ್ನೇ ತೆಗೆದ ಮೇಲಂತೂ ಹಬ್ಬ.

ಅಂದಹಾಗೆ, ಮುದ್ದೇನಹಳ್ಳಿ ಇರೋದು ಇದೇ ಜಿಲ್ಲೆಯಲ್ಲಿ. ಅಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಸಿವಿಲ್ ಇಂಜಿನಿಯರ್. ನೀರು ಏರಿದಾಗ ತಾನೇ ತೆರೆದುಕೊಳ್ಳುವ ಗೇಟುಗಳನ್ನು 1903ರಲ್ಲಿ ಪುಣೆ ಹತ್ತಿರದ ಖಡಕವಾಸಲಾ ಅಣೆಕಟ್ಟಿಗೆ ಕೂರಿಸಿದವರು. ಇವತ್ತಾಗಿದ್ದರೆ ಬ್ರೋಷರಿನಲ್ಲಿ ಅದನ್ನೂ ಎಐ ಗೇಟು ಅಂತಲೇ ಅಚ್ಚು ಹಾಕುತ್ತಿದ್ದರು. ಸೆಪ್ಟೆಂಬರ್ 15ಕ್ಕೆ ಅವರ ಫೋಟೋಗೆ ಹಾರ ಹಾಕುತ್ತೇವೆ. 16ಕ್ಕೆ "ಸಿವಿಲ್ಲಾ? ಬೇರೆ ಏನೂ ಸಿಗಲಿಲ್ವಾ?" ಅಂತ ಮರುಗುತ್ತೇವೆ. ಬೆಂಗಳೂರಿನ ಕೊಳಚೆ ಸೋಸಿ ನಮ್ಮ ಕೆರೆಗಳಿಗೆ ಬಿಡುವ ಎಚ್.ಎನ್. ವ್ಯಾಲಿ ಪೈಪು ಒಡೆದರೆ ಡೇಟಾ ಸೈಂಟಿಸ್ಟ್ ಬರುತ್ತಾನೆ ಬಿಡಿ.

ತಮಾಷೆ ಸಾಕು. ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ ರೇಷ್ಮೆ ಗೂಡು ಮಾರಿದ ದುಡ್ಡಲ್ಲಿ ಫೀಸು ಕಟ್ಟುವ ಮನೆಯ ಹುಡುಗಿಗೆ ಯಾರೂ ಸಿಲಬಸ್ ತೆಗೆದು ತೋರಿಸುವುದಿಲ್ಲ. ನಿನಗೆ ಲೆಕ್ಕ ಇಷ್ಟವಾ, ಸರ್ಕ್ಯೂಟ್ ಬೋರ್ಡಿಗೆ ಬೆಸುಗೆ ಹಾಕೋದು ಇಷ್ಟವಾ ಅಂತ ಕೇಳುವುದಿಲ್ಲ. ಮೂರನೇ ಸೆಮಿಸ್ಟರಿನಲ್ಲಿ ಅವಳಿಗೆ ತಾನೇ ಗೊತ್ತಾಗುತ್ತೆ, ಆಗ ಫೇಲಾದ ಪೇಪರುಗಳ ಬ್ಯಾಕ್‌ಲಾಗ್ ಅವಳದೇ, ಸಾಲ ಅಪ್ಪನದು. ಸಿಲಬಸ್ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ವೆಬ್‌ಸೈಟಿನಲ್ಲಿ ಪುಕ್ಕಟೆ ಬಿದ್ದಿದೆ. ಅದನ್ನು ತೋರಿಸೋಕೆ ಪಿಯು ಕಾಲೇಜಿನಲ್ಲಿ ಒಂದು ಮಧ್ಯಾಹ್ನ ಬಿಡುವಿಲ್ಲ. ಕ್ರ್ಯಾಶ್ ಕೋರ್ಸಿಗಾದರೆ ಭಾನುವಾರವೂ ಬಾಗಿಲು ತೆರೆದಿರುತ್ತೆ.