ಮಂಗಳೂರಿಗೆ ಬರೀ 22 ನಿಮಿಷ

ಬೆಂಗಳೂರಿನಿಂದ ಮಂಗಳೂರಿಗೆ ಎಷ್ಟು ದೂರ ಅಂತ ಮೊಬೈಲನ್ನು ಕೇಳಿದೆ. ಆಕಾಶಮಾರ್ಗ ಸುಮಾರು 300 ಕಿ.ಮೀ., ಹಾರಾಟದ ಸಮಯ 22 ನಿಮಿಷ ಅಂತು. ಗಂಟೆಗೆ 800 ಕಿ.ಮೀ. ವೇಗ ಅಂತ ಇಟ್ಟುಕೊಂಡು ಭಾಗಿಸಿದ ಲೆಕ್ಕ. ನಮ್ಮ ಐದನೇ ಕ್ಲಾಸಿನ ಮೇಷ್ಟ್ರಾಗಿದ್ದರೆ ಪೂರ್ತಿ ಮಾರ್ಕ್ಸ್ ಕೊಡುತ್ತಿದ್ದರು. ವಿಮಾನ ಬಾಣಲೆಯ ಸಾಸಿವೆ ಥರ ನಿಂತಲ್ಲಿಂದಲೇ ಸಿಡಿಯಲ್ಲ ಅನ್ನೋದು ಅವರ ಸಿಲೆಬಸ್‌ನಲ್ಲಿ ಇರಲಿಲ್ಲ.

ಟಿಕೆಟ್‌ನಲ್ಲಿ ಮಾತ್ರ ಒಂದು ಗಂಟೆ ಐದು ನಿಮಿಷ ಅಂತಿತ್ತು. ನಿಂತ ಜಾಗದಿಂದ ಕದಲಿದ್ದು, ರನ್‌ವೇ ತನಕ ಉರುಳಿದ್ದು, ಕ್ಯೂನಲ್ಲಿ ಕಾದಿದ್ದು ಎಲ್ಲಾ ಅದರಲ್ಲೇ ಸೇರುತ್ತದೆ. ಮೇಲಿಂದ, ತಡವಾದರೆ ಇರಲಿ ಅಂತ ಒಂದಷ್ಟು ಹೆಚ್ಚುವರಿ ನಿಮಿಷಗಳು ಬೇರೆ. ಹಾಗಾಗಿಯೇ ಎಷ್ಟೋ ಸಲ ‘ನಿಗದಿತ ಸಮಯಕ್ಕಿಂತ ಮುಂಚೆಯೇ ಬಂದಿದ್ದೇವೆ’ ಅಂತ ಹೆಮ್ಮೆಯ ಘೋಷಣೆ. ನಮ್ಮ ಪ್ಲಂಬರ್‌ಗೆ ಪಾಪ ಈ ಉಪಾಯ ಹೊಳೆದಿಲ್ಲ. ‘ನಾಳೆ ಬರ್ತೀನಿ’ ಅನ್ನುವ ಬದಲು ‘ಮುಂದಿನ ಯುಗಾದಿಗೆ’ ಅಂದಿದ್ದರೆ, ದೀಪಾವಳಿಗೆ ಬಂದಾಗ ಚಪ್ಪಾಳೆ ಸಿಗುತ್ತಿತ್ತು.

ಚಿಕ್ಕಮ್ಮನ ಗೃಹಪ್ರವೇಶ. ಮಾವ ರಾತ್ರಿ ಬಸ್ಸು ಅಂದರು. ಶಿರಾಡಿ ಘಾಟಿ, ಎಂಟು ಗಂಟೆ ಕುಲುಕಾಟ. ನಾನು ನಕ್ಕೆ.

ಸಂಜೆ ಏಳರ ವಿಮಾನಕ್ಕೆ ಮೂರು ಗಂಟೆಗೇ ಜಯನಗರ ಬಿಟ್ಟೆ. 2008ರ ಮೇವರೆಗೆ ಊರೊಳಗೆ, ಎಚ್‌ಎಎಲ್‌ನಲ್ಲೇ ವಿಮಾನ ಹತ್ತಬಹುದಿತ್ತು. ಈಗ ದೇವನಹಳ್ಳಿ. ಹೆಬ್ಬಾಳದ ಫ್ಲೈಓವರ್ ಮೇಲೆ ಕ್ಯಾಬ್ ನಿಂತಿತು. ಪಕ್ಕದ ಟೆಂಪೋದಲ್ಲಿ ಕೊತ್ತಂಬರಿ ಸೊಪ್ಪಿನ ಮೂಟೆ. ಹತ್ತುವಾಗ ನೆಟ್ಟಗಿದ್ದ ಸೊಪ್ಪು ಇಳಿಯುವಷ್ಟರಲ್ಲಿ ತಲೆ ಬಗ್ಗಿಸಿತ್ತು. ಆಮೇಲೆ ಬೆಲ್ಟ್ ಬಿಚ್ಚಿ, ನೀರು ಚೆಲ್ಲಿ, ಟ್ರೇ ಹಿಡಿದು ನಿಂತಿದ್ದಕ್ಕೆ ಲೆಕ್ಕವೇ ಇಲ್ಲ. ಅದು ಪ್ರಯಾಣ ಅಲ್ವಂತೆ, ಸುಮ್ನೆ ಓಡಾಟ.

ವಿಮಾನ ಏರಿತು. ಕಾಫಿ ಆರುವ ಮೊದಲೇ ಕಪ್ ವಾಪಸ್ ಕೇಳಿದರು, ಕರಾವಳಿ ಬಂತಂತೆ. ಆದರೆ ಇಳಿಯಲಿಲ್ಲ. ಮಳೆ, ಮಂಜು. ಒಂದು ಸುತ್ತು, ಎರಡು ಸುತ್ತು, ಮೂರನೆಯದರ ಹೊತ್ತಿಗೆ ಪಕ್ಕದ ಅಜ್ಜಿ ಕೈಮುಗಿದು ಪ್ರದಕ್ಷಿಣೆಯ ಲೆಕ್ಕ ಶುರು ಮಾಡಿದರು. ಪೈಲಟ್ ಬೆಂಗಳೂರಿಗೆ ವಾಪಸ್ ಅಂದ. ಅವನ ತಪ್ಪಿಲ್ಲ ಬಿಡಿ. ಗುಡ್ಡದ ನೆತ್ತಿಯ ರನ್‌ವೇ ಅದು, ಕಣ್ಣು ಕಾಣದಿದ್ದಾಗ ಧೈರ್ಯ ತೋರಿಸುವ ಜಾಗವಲ್ಲ. ಅಂತೂ 600 ಕಿ.ಮೀ. ಹಾರಿ, ಹೊರಟಲ್ಲಿಗೇ ಸುರಕ್ಷಿತವಾಗಿ ತಲುಪಿದೆ. ‘ನಮ್ಮೊಂದಿಗೆ ಪ್ರಯಾಣಿಸಿದ್ದಕ್ಕೆ ಧನ್ಯವಾದ’ ಅಂದರು.

ಚಿಕ್ಕಮ್ಮನ ಫೋನ್. “ಎಲ್ಲಿದ್ದೀ ಮಾರಾಯ?”

“ದೇವನಹಳ್ಳಿಯಲ್ಲಿ.”

“ಇನ್ನೂ ಹೊರಡ್ಲಿಲ್ವಾ?”

“ಹೋಗಿ ಬಂದೆ ಚಿಕ್ಕಮ್ಮ.”

ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಊಟ ಆಯ್ತಾ?” ಅಂತ ಕೇಳಿ ಇಟ್ಟರು.

ಅಷ್ಟರಲ್ಲಿ ಮಾವನ ಫೋನ್. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿದ್ದರು. “ತಲುಪಿದ್ಯಾ? ಗೋಳಿಬಜೆ ಆಯ್ತಾ?”

ವಿಷಯ ಹೇಳಿದೆ. ಮಾವ ನಗಲಿಲ್ಲ, ಅದೇ ಜಾಸ್ತಿ ಚುಚ್ಚಿತು. “ನನ್ನ ಪಕ್ಕದ ಸೀಟು ಖಾಲಿ ಇದೆ ಕಣೋ. ಹತ್ತೂವರೆಗೆ ಬಸ್ಸು. ಬಂದುಬಿಡು.”

ಗಂಟೆ ಒಂಬತ್ತೂವರೆ. ಮತ್ತೆ ಮೊಬೈಲನ್ನು ಕೇಳಿದೆ. ಸ್ಯಾಟಲೈಟ್ ನಿಲ್ದಾಣಕ್ಕೆ ಒಂದು ಗಂಟೆ ಇಪ್ಪತ್ತು ನಿಮಿಷ ಅಂತು.

ಮಂಗಳೂರೇ ಹತ್ತಿರ.